ಸಮಸ್ಯಾಪೂರಣ: ಮಳೆಯಿಂದಂ ಕೆರೆಯು ಬತ್ತಿ ಬರಿದಾದುದಲಾ

ಕೆರೆಯಂಗಳ: ಎಲ್ಲರಿಗೂ ನಮಸ್ಕಾರ. ಹೋದ ವಾರದ ಜಗಳ ಅಲ್ಲಿಗೇ ಬಿಡೋಣ. ಈ ವಾರದ್ದು ಕಂದ ಪದ್ಯ. ಒಗಟಿನಂಥ ಕೊನೆಯ ಸಾಲು ಇದು, ಅರ್ಥ ಕೂಡುವಂತೆ ಮೇಲಿನ ಮೂರು ಸಾಲು ನೀವು ಕಟ್ಟಿ:

ಮಳೆಯಿಂದಂ ಕೆರೆಯು ಬತ್ತಿ ಬರಿದಾದುದಲಾ

ವಸ್ತು ಋತುಗಳು. ಮುಂಗಾರಾಗಲಿ, ಮಾಗಿಯಾಗಲಿ, ಎಲ್ಲಿಂದ ಬೇಕಾದರೂ ಹೊರಡಿ.

ಇಕ್ಕೇರಿಗ: ಬಿಸಿಬಿಸಿಯಾಗಿ ಮೊದಲನೆಯದು ನನ್ನದೇ ಇರಲಿ.

ಇಳಿದಾಶ್ಲೇಷೆಯ ಪೆರ್ಮಳೆ
ಹಳೆಯೇರಿಯನಂದು ಸೀಳಿ ಬಾಯಂ ತೆರೆಯಲ್
ಸುಳಿ ಸುತ್ತುತೆ ನೀರ್ ಪರಿಯಲ್
ಮಳೆಯಿಂದಂ ಕೆರೆಯು ಬತ್ತಿ ಬರಿದಾದುದಲಾ

ಹೂಮಳೆ: ಏರಿ ಒಡೆಯುವುದು ಮೊದಲು ಹೊಳೆಯುವ ದಾರಿ. ನೀವು ಹಿಡಿದುಬಿಟ್ಟಿರಿ, ಉಳಿದವರಿಗೆ ಅದು ಮುಚ್ಚಿತು.

ಕಂದಾಭಿಮಾನಿ: ಆ "ಅಂದು" ಯಾವ ದಿನ, ಇಕ್ಕೇರಿಗರೇ? ನಿಮ್ಮ ಪದ್ಯಗಳಲ್ಲಿ ಎರಡನೇ ಸಾಲು ಬಂತೆಂದರೆ ಒಂದು "ಅಂದು" ಬಂದು ಕೂರುತ್ತದೆ. ಮೂರು ಮಾತ್ರೆ ಬೇಕಾದಾಗಲೆಲ್ಲ ಕರೆಯುವ ಕೂಲಿ ಆಳು.

ಇಕ್ಕೇರಿಗ: ಆಶ್ಲೇಷೆ ಆಗಸ್ಟ್ ಮೂರರ ಸುಮಾರಿಗೆ ಹಿಡಿಯುತ್ತದೆ ಮೇಷ್ಟ್ರೇ, ಅಂದು ಎಂದರೆ ಆ ಹದಿಮೂರು ದಿನದಲ್ಲಿ ಒಂದು. "ಆಶ್ಲೇಷಾ ಮಳೆ, ಈಸಲಾರದ ಹೊಳೆ" ಅಂತ ಗಾದೆಯೇ ಇದೆ. ನೀವು ಮೈಸೂರಲ್ಲಿ ಕೂತು ಅದನ್ನು ನೋಡಿಲ್ಲ.

ಕಂದಾಭಿಮಾನಿ: ಗಾದೆ ಗೊತ್ತು. ಅದರಲ್ಲಿ "ಅಂದು" ಇಲ್ಲ.

ಹೂಮಳೆ: ನನ್ನದು ನಮ್ಮ ತೋಟದ್ದೇ ಕಥೆ.

ಎಳಮೊಗ್ಗರಳದೆ ಕಾಫಿಯು
ಬಳಲಿರೆ ಕೊಳವೆಯೊಳು ಪೀರ್ದು ತುಂತುರ್ಗರೆದೆಂ
ಕಳೆದುದು ಫಾಲ್ಗುಣ; ಬಾರದ
ಮಳೆಯಿಂದಂ ಕೆರೆಯು ಬತ್ತಿ ಬರಿದಾದುದಲಾ

ಇಕ್ಕೇರಿಗ: "ಬಾರದ ಮಳೆಯಿಂದಂ"! ಪರಿಹಾರ ಸಾಲಿನ ಅಂಚಿನಲ್ಲೇ ಕೂತಿದೆ. ಭಲೇ.

ವರದಾತೀರ: ಛಲೋ ಐತ್ರಿ. ತುಂತುರ್ಗರೆದೆಂ ಅಂದ್ರ ಸ್ಪ್ರಿಂಕ್ಲರ್ ಏನ್ರಿ?

ಹೂಮಳೆ: ಹೌದಕ್ಕ. ಕಾಫಿಯ ಹೂವರಳಿಸುವ ಮಳೆಗೇ ಹೂಮಳೆ ಅನ್ನುವುದು, ಅದು ಬಂದು ಎಂಟು-ಹತ್ತು ದಿನಕ್ಕೆ ಇಡೀ ಗುಡ್ಡ ಬೆಳ್ಳಗಾಗಬೇಕು. ಅರೇಬಿಕಾ ಸ್ವಲ್ಪ ತಾಳಿಕೊಳ್ಳುತ್ತೆ, ರೋಬಸ್ಟಾ ತಾಳುವುದಿಲ್ಲ. ಮೊಗ್ಗು ಕಟ್ಟಿ ನಿಂತಾಗ ಮಳೆ ಕೈಕೊಟ್ಟರೆ ಕೆರೆಗೆ ಪಂಪು ಇಳಿಸಬೇಕು. ಹೂಬಿಟ್ಟ ಮೇಲೆ ಮತ್ತೆ ಕೆಲವು ವಾರಕ್ಕೆ ಇನ್ನೊಂದು ಮಳೆ ಬೇಕು, ಇಲ್ಲವಾದರೆ ಕಾಯಿ ನಿಲ್ಲುವುದಿಲ್ಲ. ಅಷ್ಟು ಹೊತ್ತಿಗೆ ಕೆರೆಯಲ್ಲಿ ಕೆಸರು ಮಾತ್ರ.

ಹೊಸಗರಿ: ನಾನೂ ಒಂದು ಪ್ರಯತ್ನ ಮಾಡಿದ್ದೇನೆ. ತಿದ್ದಿ ದಯವಿಟ್ಟು.

ಹಳೆಯ ಕೆರೆಯೇರಿ ಮೇಲೆ
ಬಳಗಂ ಕೊಕ್ಕರೆಯದೆಲ್ಲ ಗೂಡಂ ತೊರೆಯಲ್
ಕಳಕಳಮಿಲ್ಲದೆ ಮುಂಗಾರ್
ಮಳೆಯಿಂದಂ ಕೆರೆಯು ಬತ್ತಿ ಬರಿದಾದುದಲಾ

ಇಕ್ಕೇರಿಗ: ತಮ್ಮಾ, ಮೊದಲ ಸಾಲಿನ ಕೊನೆಗೆ ಒಂದು ಮಾತ್ರೆ ಬಡವಾಗಿದೆ. "ಮೇಲಣ" ಅಂತ ಮಾಡು, ಸರಿಹೋಗುತ್ತದೆ. ಮುಂಗಾರ್ಮಳೆ ಎಂದು ಸಾಲು ದಾಟಿಸಿದ್ದು ಸೊಗಸು.

ಕಂದಾಭಿಮಾನಿ: ಹಕ್ಕಿ ಹೋದರೆ ಕೆರೆ ಬರಿದಾದೀತು, ಒಪ್ಪಿದೆ. ಬತ್ತಿದ್ದು ಹೇಗೆ?

ಹೊಸಗರಿ: ಕಳಕಳ ಬತ್ತಿತು ಅಂತ ನನ್ನ ಮನಸ್ಸಿನಲ್ಲಿತ್ತು ಸರ್. ನಮ್ಮೂರು ಕೊಕ್ಕರೆ ಬೆಳ್ಳೂರಿನ ಹತ್ತಿರ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಎಲ್ಲ ಚಳಿ ಕಳೆಯುವ ಹೊತ್ತಿಗೆ ಬಂದು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಮುಂಗಾರು ಹಿಡಿಯುವಷ್ಟರಲ್ಲಿ ಮರಿ ಹಾರಲು ಕಲಿತು ಜಾಗ ಖಾಲಿ. ಆಮೇಲೆ ಊರು ಎಷ್ಟು ಸುಮ್ಮನಾಗುತ್ತೆ ಅಂದರೆ ಅಜ್ಜಿಗೆ ನಿದ್ದೆ ಬರುವುದಿಲ್ಲ.

ಕಂದಾಭಿಮಾನಿ: ಅಜ್ಜಿಯನ್ನು ಪದ್ಯಕ್ಕೆ ತಾ. ಆಗ ಬತ್ತಿದ್ದೇನು ಎಂಬುದೂ ತಿಳಿಯುತ್ತದೆ.

ವರದಾತೀರ: ನಂದು ಒಂದು.

ಬೆಳೆ ಬಾಡಲ್ ಜಿನುಗಿದ ಕಣ್
ಕೊಳವಾದುದು, ಮಘೆಯು ಬಂದು ಪೊಯ್ಯಲ್ ಪೊಲಮಂ
ನಳನಳಿಸೆ ಪಯಿರ್ ಮೊಗದೊಳ್
ಮಳೆಯಿಂದಂ ಕೆರೆಯು ಬತ್ತಿ ಬರಿದಾದುದಲಾ

ಹೂಮಳೆ: ಅಕ್ಕಾ! ಮೊಗದೊಳ್!

ಕೆರೆಯಂಗಳ: ಚೆನ್ನಾಗಿದೆ.

ಬಯಲುಗಾಳಿ: ಇದಾದ ಮೇಲೆ ನಾನು ಬರೆಯಬೇಕೋ ಬೇಡವೋ ಅನ್ನಿಸುತ್ತಿದೆ.

ಕಂದಾಭಿಮಾನಿ: ಕಲ್ಪನೆಗೆ ನಮಸ್ಕಾರ. ಪ್ರಾಸಕ್ಕೆ ನಮಸ್ಕರಿಸಲಾರೆ, ನಾಲ್ಕೂ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು. ಸಮಸ್ಯೆಯ ಸಾಲು "ಮೞೆ". ಅದು ರಳ, ಈಗ ಬಳಕೆ ತಪ್ಪಿದ ೞ. ಬೆಳೆ, ಕೊಳ, ನಳನಳ ಮೂರೂ ಕುಳ, ಈಗಲೂ ಇರುವ ಳ. ಮೂರಕ್ಕೆ ಮೂರು ಸಾಲೂ ತಪ್ಪಿವೆ. ಹೂಮಳೆಯವರ "ಎಳಮೊಗ್ಗಿ"ಗೂ ಇದೇ ಮಾತು. ಆಗ ಸುಮ್ಮನಿದ್ದೆ, ಇನ್ನು ಇರಲಾರೆ.

ವರದಾತೀರ: ಸರ, ಏಳ್ನೂರು ವರ್ಷದ ಹಿಂದ ಹೋದ ಅಕ್ಷರಕ್ಕ ಈಗ ನನ್ನ ಪದ್ಯ ಬೀಳಬೇಕೇನ್ರಿ?

ಕಂದಾಭಿಮಾನಿ: ಪೊಲಮಂ, ಪಯಿರ್, ಪೊಯ್ಯಲ್ ಎಲ್ಲವನ್ನೂ ಆ ಕಾಲದಿಂದಲೇ ತಂದಿರಿ. ಬಟ್ಟೆ ಹಳೆಯದು ಉಟ್ಟ ಮೇಲೆ ನಡಿಗೆಯೂ ಹಾಗೇ ಇರಬೇಕು.

ಇಕ್ಕೇರಿಗ: ಶುರುವಾಯಿತು! ಮೇಷ್ಟ್ರೇ, ಯಾರೂ ೞ ಬರೆಯುತ್ತಿಲ್ಲ, ಯಾರೂ ಉಚ್ಚರಿಸುತ್ತಿಲ್ಲ. ಕಿವಿಗೆ ಕೇಳದ ವ್ಯತ್ಯಾಸಕ್ಕೆ ಪ್ರಾಸಭಂಗ ಎಂದರೆ ಏನರ್ಥ?

ಕಂದಾಭಿಮಾನಿ: ನಿಮ್ಮ ಕಿವಿಗೆ ಕೇಳದಿರಬಹುದು. ವ್ಯಾಕರಣಕಾರ ಕೇಶಿರಾಜ ಹದಿಮೂರನೇ ಶತಮಾನದಲ್ಲಿ ಕೂತು ೞಕಾರದ ಪದಗಳನ್ನು ಒಂದೊಂದಾಗಿ ಪಟ್ಟಿಮಾಡಿಟ್ಟ. ಅದು ಮಣ್ಣುಪಾಲಾಗಲಿ ಎಂದು ಮಾಡಿದ್ದಲ್ಲ.

ಇಕ್ಕೇರಿಗ: ಪಟ್ಟಿ ಮಾಡಬೇಕಾಗಿ ಬಂತು ಎಂದರೆ ಆಗಲೇ ಜನ ಮರೆಯುತ್ತಿದ್ದರು ಎಂದಾಯಿತಲ್ಲ. ಎಲ್ಲರ ಬಾಯಲ್ಲಿದ್ದದ್ದನ್ನು ಯಾರೂ ಪಟ್ಟಿ ಮಾಡುವುದಿಲ್ಲ.

ವರದಾತೀರ: ನಮ್ಮ ಕಡೆ ಎದುರಿಗೆ ಸಿಕ್ಕವರು ಮೊದಲು ಕೇಳೂದು "ಮಳಿ-ಬೆಳಿ ಹೆಂಗೈತ್ರಿ?" ಅಂತ. ಮನ್ಯಾಗ ಎಲ್ಲಾರೂ ಆರಾಮ ಅದಾರೇನು ಅನ್ನೂದು ಆಮ್ಯಾಲ. ಆ ಎರಡೂ ಶಬ್ದ ಒಂದಕ್ಕೊಂದು ಅಂಟಿಕೊಂಡ ಹುಟ್ಟ್ಯಾವ. "ಭರಣಿ ಮಳೆ ಬಂದ್ರ ಧರಣಿಯೆಲ್ಲ ಬೆಳೆ" ಅಂದಾಗ ಯಾವ ರೈತನೂ ಇದು ಪ್ರಾಸ ಅಲ್ಲ ಅಂದಿಲ್ಲ. ನಿಮ್ಮ ಲೆಕ್ಕದಾಗ ಆ ಗಾದಿನೂ ತಪ್ಪೇನ್ರಿ?

ಕಂದಾಭಿಮಾನಿ: ಗಾದೆ ಕಂದವಲ್ಲ.

ಬಯಲುಗಾಳಿ: "ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು." ಅಕ್ಕ ಮಘೆಯನ್ನು ಆರಿಸಿದ್ದು ಸುಮ್ಮನೆ ಅಲ್ಲ, ಆ ಹೊತ್ತಿಗೆ ಪೈರು ನೀರಿಗೆ ಬಾಯಿಬಿಟ್ಟು ನಿಂತಿರುತ್ತೆ. ಅದನ್ನು ಯಾರಾದರೂ ಗಮನಿಸಿದಿರಾ? ಎಲ್ಲರೂ ಳಕಾರ ಹಿಡಿದು ಎಳೆದಾಡುತ್ತಿದ್ದೀರಿ.

ಇಕ್ಕೇರಿಗ: ಗಮನಿಸಿದೆ, ಒಪ್ಪಿಗೆಯೂ ಇಲ್ಲ. ಬಯಲುಸೀಮೆಗೆ ಮಘೆ ಅಮೃತ ಇರಬಹುದು. ನಮ್ಮ ಸಾಗರದ ಕಡೆ ಮೃಗಶಿರದಿಂದ ಆಶ್ಲೇಷೆವರೆಗೆ ಸುರಿದು ಸಾಕಾಗಿರುತ್ತದೆ. ಮುಂಗಾರಿಗೆ ಮೊದಲು ಅಡಿಕೆಗೆ ಬೋರ್ಡೋ ದ್ರಾವಣ ಹೊಡೆದು, ನಲವತ್ತು-ನಲವತ್ತೈದು ದಿನಕ್ಕೆ ಎರಡನೇ ಸಲ ಹೊಡೆಯಬೇಕು. ಆಗ ಒಂದು ದಿನವಾದರೂ ಹೊಳವು ಬೇಕಲ್ಲ? ಕೊಡದೆ ಮಘೆಯೂ ಹಿಡಿದು ಹೊಯ್ದರೆ ಕೊಳೆರೋಗ ಬಂದು ಕಾಯಿ ಬುಡಕ್ಕೆ ಉದುರುತ್ತದೆ. ಅಕ್ಕನ ಕಣ್ಣ ಕೆರೆ ಬತ್ತಿಸುವ ಮಳೆಯೇ ನಮ್ಮ ಕಣ್ಣಲ್ಲಿ ಕೋಡಿ ಹರಿಸುತ್ತದೆ ಮಾರಾಯ್ರೆ.

ವರದಾತೀರ: ಅದಕ್ಕ ನಾನು ಪೊಲ ಅಂದೆ, ತೋಟ ಅನ್ನಲಿಲ್ಲ.

ಇಕ್ಕೇರಿಗ: ಸೋತೆ.

ಕಂದಾಭಿಮಾನಿ: ಪ್ರಾಸಕ್ಕೆ ಬರೋಣ. ತಮಿಳರೂ ಮಲೆಯಾಳಿಗಳೂ ಆ ದನಿಯನ್ನು ಇವತ್ತಿಗೂ ಬಾಯಲ್ಲಿ ಇಟ್ಟುಕೊಂಡಿದ್ದಾರೆ. ಜೂನ್ ಒಂದರ ಆಸುಪಾಸಿನಲ್ಲಿ ಮುಂಗಾರು ಕೇರಳಕ್ಕೆ ಕಾಲಿಡುವಾಗ ಅದು "ಮೞ". ನಾಲ್ಕೈದು ದಿನಕ್ಕೆ ನಮ್ಮ ಕರಾವಳಿಗೆ ಬರುವಷ್ಟರಲ್ಲಿ "ಮಳೆ". ಅದೇ ಮೋಡ, ಅದೇ ಗಾಳಿ. ಗಡಿ ದಾಟುವಾಗ ಒಂದು ದನಿ ಕಳಚಿಬಿತ್ತು. ನಾನು ಅದನ್ನು ಒಂದು ಪದ್ಯದಷ್ಟು ಹೊತ್ತಾದರೂ ಉಳಿಸಿಕೊಳ್ಳೋಣ ಎನ್ನುತ್ತೇನೆ. ಇದರಲ್ಲಿ ನಗುವಂಥದ್ದೇನೂ ಇಲ್ಲ.

ಹೂಮಳೆ: ಯಾರೂ ನಗಲಿಲ್ಲ ಮೇಷ್ಟ್ರೇ. ಈ ಮಾತು ನನಗೂ ನಾಟಿತು. ಆದರೆ ಅಕ್ಕನ ಪದ್ಯ ಕೆಟ್ಟಿತು ಎಂದರೆ ಒಪ್ಪಲಾರೆ.

ಬಯಲುಗಾಳಿ: ಜಾರಿದ್ದು ಅಕ್ಷರ ಮಾತ್ರವೇ? ಮಳೆ ನಕ್ಷತ್ರಗಳೇ ಜಾರಿವೆ. ಸೂರ್ಯ ರೋಹಿಣಿಗೆ ಬರುವ ದಿನ ಸುಮಾರು 70 ವರ್ಷಕ್ಕೆ ಒಂದು ದಿನ ಮುಂದಕ್ಕೆ ಹೋಗುತ್ತದೆ. ಕೇಶಿರಾಜನ ಕಾಲದಿಂದ ಈಚೆಗೆ ಹತ್ತು ದಿನ ಸರಿದಿದೆ. ಈಗ ರೋಹಿಣಿ ಹುಟ್ಟುವುದು ಮೇ 25ಕ್ಕೆ, ಅವನ ಕಾಲದ ರೋಹಿಣಿ ಹೆಚ್ಚುಕಡಿಮೆ ನಮ್ಮ ಕೃತ್ತಿಕೆಯ ದಿನಗಳಲ್ಲಿ ಸುರಿಯುತ್ತಿತ್ತು. ಹಾಗಿದ್ದೂ "ರೋಹಿಣಿ ಮಳೆಗೆ ಓಣಿಯೆಲ್ಲಾ ಜೋಳ" ಎಂದು ಹೇಳುತ್ತೇವೆ, ಬಿತ್ತುತ್ತೇವೆ.

ಕಂದಾಭಿಮಾನಿ: ಪಂಚಾಂಗ ತಿದ್ದಿಕೊಳ್ಳಲಾಗದ್ದು ನಮ್ಮ ಸೋಮಾರಿತನ. ದಿನ ಬೆಳೆಯಲು ಶುರುವಾಗುವುದು ಡಿಸೆಂಬರ್ 22ಕ್ಕೆ, ಎಳ್ಳು ಬೀರುವುದು ಜನವರಿ 14ಕ್ಕೆ.

ಇಕ್ಕೇರಿಗ: ನಕ್ಷತ್ರ ತಿದ್ದಬೇಕು, ಅಕ್ಷರ ತಿದ್ದಬಾರದು! ಮೇಷ್ಟ್ರಿಗೆ ಬೇಕಾದ ಕಡೆ ಮುಂದಕ್ಕೆ, ಬೇಕಾದ ಕಡೆ ಹಿಂದಕ್ಕೆ.

ವರದಾತೀರ: ಪಂಚಾಂಗ ಏನರ ಹೇಳ್ಲಿ, ನಮಗ ಕಾರಹುಣ್ಣಿಮಿಗೆ ಎತ್ತು ಸಿಂಗಾರ ಆಗಬೇಕು, ಮಣ್ಣೆತ್ತಿನ ಅಮಾಸಿಗೆ ಎರಿಮಣ್ಣು ಕೈಗೆ ಹತ್ತಬೇಕು, ಸೀಗಿ ಹುಣ್ಣಿಮಿಗೆ ಹೊಲಕ್ಕ ಹೋಗಿ ಚರಗ ಚೆಲ್ಲಬೇಕು. ಹಿಂಗಾರಿ ಜೋಳ ಬಿತ್ತಿದ ಮ್ಯಾಲ ದೊಡ್ಡ ಮಳಿನೇ ಬ್ಯಾಡ. ಎರಿಭೂಮಿ ಹಿಡಿದ ಹಸಿ, ಮಾಗಿ ಇಬ್ಬನಿ ಇಷ್ಟರಾಗ ತೆನಿ ಬರತೈತಿ. ಸ್ವಾತಿ ಒಂದು ಬಂದ್ರ ಮುತ್ತಿನಂಥಾ ಜೋಳ.

ತೆಂಕಣದಾಚೆ: ದೂರದ ಮೆಲ್ಬರ್ನಿನಿಂದ ಓದುತ್ತಿದ್ದೇನೆ. ಇಲ್ಲಿ ಯುಗಾದಿಗೆ ಎಲೆ ಉದುರುತ್ತದೆ. ಮಾವಿನ ತಳಿರಿಗೆ ಅಂಗಡಿ ಹುಡುಕಬೇಕು, ಸಂಕ್ರಾಂತಿ ಉರಿಬಿಸಿಲಿನಲ್ಲಿ. ಮಗಳಿಗೆ ಚೈತ್ರ ಎಂದರೆ ವಸಂತ ಎಂದು ಕಲಿಸಲು ಬಾಯಿ ಬರುವುದಿಲ್ಲ.

ಕಂದಾಭಿಮಾನಿ: ಅದನ್ನೇ ಕಂದದಲ್ಲಿ ಹೇಳಿ. ಚೈತ್ರದಲ್ಲಿ ಎಲೆ ಉದುರಿತು ಎಂಬುದೇ ಒಂದು ಸಮಸ್ಯೆ, ನಿಮಗೆ ಪರಿಹಾರ ಮನೆಬಾಗಿಲಲ್ಲೇ ಇದೆ.

ಕೆರೆಯಂಗಳ: ಮೇಷ್ಟ್ರೇ, ಇಷ್ಟು ಹೊತ್ತು ತೂಗಿದ್ದಾಯಿತು. ನಿಮ್ಮ ಪೂರಣ ಎಲ್ಲಿ?

ಕಂದಾಭಿಮಾನಿ: ಇಗೋ. ನಾಲ್ಕೂ ಸಾಲು ೞ.

ಸುೞಿವ ಬಿಸಿಲ್ಗುದುರೆಯ ನೀರ್
ತೊೞಲಿಸೆ ಜಿಂಕೆಗಳ ಪಿಂಡನಾ ಬೇಸಗೆಯೊಳ್
ಮೊೞಗುತೆ ರೋಹಿಣಿ ಬರಲಾ
ಮೞೆಯಿಂದಂ ಕೆರೆಯು ಬತ್ತಿ ಬರಿದಾದುದಲಾ

ಹೊಸಗರಿ: ಬಿಸಿಲ್ಗುದುರೆಯ ಕೆರೆ! ಮಳೆ ಬಂದರೆ ಅದು ಇಲ್ಲವಾಗಲೇಬೇಕು. ಸರ್, ಇದು ನನಗೆ ಎಂದೂ ಹೊಳೆಯುತ್ತಿರಲಿಲ್ಲ.

ಹೂಮಳೆ: ಗೆದ್ದಿರಿ ಮೇಷ್ಟ್ರೇ.

ವರದಾತೀರ: ಭಾಳ ಛಲೋ ಐತಿ. ರಾಣೆಬೆನ್ನೂರ ಕೃಷ್ಣಮೃಗ ಕಣ್ಣಮುಂದ ಬಂದ್ವು. ಬ್ಯಾಸಗ್ಯಾಗ ಆ ಕುರುಚಲದಾಗ ನಿಂತು ನೋಡಿದ್ರ ದೂರ ನೆಲ ಎಲ್ಲಾ ನೀರಾಗಿ ಅಳಗಾಡತೈತಿ. ಆದ್ರ ಒಂದು ಮಾತು ಕೇಳ್ತೀನ್ರಿ ಸರ. ಹೊಸಗರಿಗೆ ನೀವು "ಬತ್ತಿದ್ದು ಹೇಗೆ" ಅಂದ್ರಿ. ಇಲ್ಲದ ನೀರು ಬತ್ತೂದು ಹೆಂಗ್ರಿ?

ಇಕ್ಕೇರಿಗ: ಆಹಾ!

ಕಂದಾಭಿಮಾನಿ: ಕಂಡ ನೀರು ಕಾಣದಾಯಿತು. ಜಿಂಕೆಯ ಕಣ್ಣಿಗೆ ಅದೇ ಬತ್ತುವುದು. ಪದ್ಯ ಜಿಂಕೆಯ ಕಡೆಯಿಂದ ನಿಂತು ನೋಡುತ್ತದೆ.

ಇಕ್ಕೇರಿಗ: ಜಿಂಕೆಯ ಕಣ್ಣಿಗೆ ರಿಯಾಯಿತಿ, ರೈತನ ಕಿವಿಗೆ ಇಲ್ಲ. ಇರಲಿ. ನನ್ನದು ಬೇರೆ ತಕರಾರು. "ಮಳೆ"ಯನ್ನು "ಮೞೆ" ಎಂದು ತಿದ್ದಿ ಬರೆದಿರಿ. ಅದೇ ಸಾಲಿನ "ಕೆರೆ"? ಹಳಗನ್ನಡದಲ್ಲಿ ಅದು "ಕೆಱೆ", ಶಕಟರೇಫವೆಂಬ ಹಳೆಯ ಱಕಾರ. ಶಾಸನಗಳಲ್ಲಿ ಎಷ್ಟು ಬೇಕಾದರೂ ಸಿಗುತ್ತದೆ. "ಬರಿದು" ಕೂಡ "ಬಱಿದು". ಒಂದೇ ಸಾಲಿನಲ್ಲಿ ಒಬ್ಬನಿಗೆ ಹಳೆಯ ರುಮಾಲು, ಇನ್ನಿಬ್ಬರು ಬರಿತಲೆ.

ಕಂದಾಭಿಮಾನಿ: ಆ ಸಾಲು ನನ್ನದಲ್ಲ, ಕೊಟ್ಟವರದು. ಪ್ರಾಸಸ್ಥಾನದ ಅಕ್ಷರವನ್ನಷ್ಟೇ ಮೂಲಕ್ಕೆ ತಂದೆ. ಕೆರೆಯ ರೇಫ ಪ್ರಾಸಕ್ಕೆ ಬರುವುದಿಲ್ಲ. ಪ್ರಾಸಸ್ಥಾನದಲ್ಲಿ ಕಿವಿ ಕಾದು ಕೂತಿರುತ್ತದೆ, ಅಲ್ಲಿ ಮೋಸ ಮಾಡಬಾರದು.

ಇಕ್ಕೇರಿಗ: ಕಿವಿ ಕಾದು ಕೂತಿರುತ್ತದೆ. ಈ ಮಾತನ್ನು ನೀವೇ ಹೇಳಿದ್ದೀರಿ, ಎಲ್ಲರೂ ನೋಡಿಕೊಳ್ಳಿ. ಕಾದು ಕೂತ ಕಿವಿಗೆ ಅಕ್ಕನ ಮಳೆ-ಬೆಳೆಯಲ್ಲಿ ಯಾವ ಮೋಸವಾಯಿತು?

ಕಂದಾಭಿಮಾನಿ: ನಿಮ್ಮ ಕಿವಿ ಬೇರೆ, ಪದ್ಯದ ಕಿವಿ ಬೇರೆ.

ವರದಾತೀರ: ಇದಕ್ಕ ಉತ್ತರ ಕಂದದಾಗ ಕೊಡ್ತೀನಿ. ಸಮಸ್ಯೆ ಹೊರಗಿಂದು, ಕೆರೆಯಂಗಳದವರು ಸಿಟ್ಟಾಗಬ್ಯಾಡ್ರಿ.

ಮಳೆ ಬಂದೊಡೆ ಬೆಳೆ; ಬೆಳೆಯಿಂ
ಕಳೆಗಟ್ಟುಗುಮೂರು; ಕಿವಿಯೊಳೊಂದೇ ದನಿಯೈ
ಅಳೆವಿರೆ ರೈತನ ಸೊಲ್ಲಂ
ಹಳೆಯೋಲೆಯ ಗೆರೆಯ ಮೇಲೆ ನಿಲ್ಲಿಸಿ ಬುಧರೇ

ಬಯಲುಗಾಳಿ: ಅಕ್ಕಾ, ಕೈ ಮುಗಿದೆ.

ಹೂಮಳೆ: ಮೊದಲ ಸಾಲೇ ಮುತ್ತು. ಮಳೆ, ಬೆಳೆ, ಬೆಳೆ.

ಕಂದಾಭಿಮಾನಿ: ಪದ್ಯ ಗಟ್ಟಿಯಾಗಿದೆ. ಎರಡನೇ ಸಾಲಿನ ನಡುಗಣದಲ್ಲಿ ಯತಿ, ಅಂದರೆ ದನಿ ನಿಲ್ಲುವ ತಾಣ, ಕೂತಿರುವಂತೆ ಇಲ್ಲಿ ಇನ್ನೊಬ್ಬರು ಕೂರಿಸಲಾರರು. ವಾದವನ್ನು ಒಪ್ಪಲಿಲ್ಲ.

ಇಕ್ಕೇರಿಗ: "ಇನ್ನೊಬ್ಬರು" ಎಂದರೆ ನಾನು. ಅರ್ಥವಾಯಿತು.

ಬಯಲುಗಾಳಿ: ನನ್ನದನ್ನೂ ಹಾಕಿಬಿಡುತ್ತೇನೆ.

ಇಳಿದುದು ಬೋಳ್ಗುಡ್ಡದ ಮಣ್
ಬಳಿಸಾರ್ದುದು ವರುಷವರುಷ ಹೂಳಿನ ಪದರಂ
ಕುಳಿ ತೆವರಾಯ್ತೆಲ್ಲೆಲ್ಲುಂ
ಮಳೆಯಿಂದಂ ಕೆರೆಯು ಬತ್ತಿ ಬರಿದಾದುದಲಾ

ಕಂದಾಭಿಮಾನಿ: ಸರಿ ಇದೆ. "ವರುಷವರುಷ" ಚೆನ್ನಾಗಿ ಬಿದ್ದಿದೆ. ಪ್ರಾಸವೂ ಶುದ್ಧ. ಇಳಿ, ಬಳಿ, ಕುಳಿ ಮೂರೂ ರಳವೇ. ಗೊತ್ತಿದ್ದು ಮಾಡಿದಿರೋ?

ಬಯಲುಗಾಳಿ: ಹೂಳು ಕಂಡಿದ್ದು ಬರೆದೆ ಸಾರ್. ಕೋಲಾರದ ಕೆರೆಗಳ ಕಥೆ ಇದು. ಮಳೆ ಕಡಿಮೆ, ಬಂದಾಗ ಒಟ್ಟಿಗೆ ಸುರಿದು ಗುಡ್ಡದ ಮಣ್ಣನ್ನೆಲ್ಲ ಕೆರೆಗೆ ತಂದು ಹಾಕುತ್ತೆ. ಮೊದಲು ಬೇಸಿಗೆಯಲ್ಲಿ ಊರವರೇ ಹೂಳೆತ್ತಿ ಹೊಲಕ್ಕೆ ಹೊಡೆಯುತ್ತಿದ್ದರು. ಹೊಲಕ್ಕೆ ಗೊಬ್ಬರ, ಕೆರೆಗೆ ಜಾಗ. ಕೊಳವೆಬಾವಿ ಬಂದ ಮೇಲೆ ಕೆರೆಯ ಕಡೆ ತಿರುಗಿ ನೋಡಿದವರಿಲ್ಲ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೊಳವೆಯಲ್ಲಿ ಬಂದು ನಮ್ಮ ಕೆಲವು ಕೆರೆ ತುಂಬುತ್ತಿವೆ. ಈಗ ನಮಗೆ ಸಮಸ್ಯೆ ತಿರುಗಾಮುರುಗಾ, ಮಳೆಯಿಲ್ಲದೆ ಕೆರೆ ತುಂಬಿತು!

ಇಕ್ಕೇರಿಗ: ಇವರಿಗೆ ಒಂದೇ ಒಂದು ತಕರಾರೂ ಇಲ್ಲವೇ ಮೇಷ್ಟ್ರೇ? ನನಗೆ ಬಂದ "ಅಂದು" ಇಲ್ಲಿ "ಎಲ್ಲೆಲ್ಲುಂ" ಆಗಿ ಬಂದು ಕೂತಿದೆ, ನೋಡಿ.

ಕಂದಾಭಿಮಾನಿ: ಹೂಳು ಎಲ್ಲೆಲ್ಲೂ ಇರುತ್ತದೆ. ನಿಮ್ಮ "ಅಂದು" ಎಲ್ಲೂ ಇರಲಿಲ್ಲ.

ಹೊಸಗರಿ: ಸರ್, ಅಜ್ಜಿಯನ್ನು ತರಲು ಆಗಲಿಲ್ಲ, ಪ್ರಾಸ ಸಿಗಲಿಲ್ಲ. "ಮೇಲಣ" ಮಾತ್ರ ತಿದ್ದಿದ್ದೇನೆ.

ವರದಾತೀರ: ಸಾಕು ತಮ್ಮಾ. ಆ ಹಕ್ಕಿ ಹೋದ ಮ್ಯಾಲಿನ ಸದ್ದಿಲ್ಲದ ಊರು ನಿನ್ನ ಪದ್ಯದಾಗ ಕೇಳ್ತೈತಿ. ಮುಂದಿನ ಸಲ ಅಜ್ಜಿ ತಾನಾ ಬರ್ತಾಳ.

ಕೆರೆಯಂಗಳ: ಆರು ಪೂರಣ, ಒಂದು ಹೊರಗಿನ ಕಂದ. ಯಾವುದು ಮೇಲು ಎಂದು ನಾನು ಹೇಳುವುದಿಲ್ಲ. ಮಳೆ-ಬೆಳೆ ಪ್ರಾಸದ ಬಗ್ಗೆ ಇಲ್ಲಿನ ರೂಢಿ ಇದು: ಸಾಲನ್ನು ನಾನು "ಮಳೆ" ಎಂದೇ ಬರೆದು ಕೊಟ್ಟಿದ್ದೇನೆ, ಹಾಗೆ ಪೂರೈಸಿದವರದು ಶುದ್ಧ. ೞ ಪಾಲಿಸಿದವರದು ಅವರ ಹೆಚ್ಚುಗಾರಿಕೆ. ಮುಂದಿನ ವಾರಕ್ಕೆ:

ಮಾಗಿಯ ಚಳಿ ಬೆವರನಿಳಿಸಿತೇನಚ್ಚರಿಯೋ

ಇಕ್ಕೇರಿಗ: ಪ್ರಾಸ ಗಕಾರ. ದೇವರು ದೊಡ್ಡವನು.

ಕಂದಾಭಿಮಾನಿ: ಆರನೇ ಗಣದ ಯತಿ ನೋಡಿಕೊಂಡು ಕೊಟ್ಟಿರಾ? "ಬೆವರನ್" ಅರ್ಧಕ್ಕೆ ತುಂಡಾಗಿದೆ.

ಕೆರೆಯಂಗಳ: ಸಂಧಿಯ ಹಿಂದೆ "ಇಳಿಸಿ" ನಿಂತಿದೆ, ಯತಿ ಅಲ್ಲೇ ಕೂರುತ್ತದೆ.

ಕಂದಾಭಿಮಾನಿ: "ಇೞಿಸಿ".